ಅಲೋಶಿಯಸ್ ಚಾಪೆಲಿನ ಜಾಡು ಹಿಡಿದು ಲೊಂಬಾರ್ಡಿಗೆ: ಕಾಸರಗೋಡಿನಿಂದ ಇಬ್ಬರ ಕಿರು ಪ್ರವಾಸ

ಮಂಗಳೂರಿನ ಅಲೋಶಿಯಸ್ ಚಾಪೆಲಿನಲ್ಲಿ ತಲೆಯೆತ್ತಿ ಕುತ್ತಿಗೆ ನೋಯುವವರೆಗೆ ಚಿತ್ರ ನೋಡಿದವರು ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವನ್ನು ಬರೆದವರು ಕಥೋಲಿಕ ಸನ್ಯಾಸಿ ಸಂಘವಾದ ಯೇಸುಸಭೆಯ ಬ್ರದರ್ ಆಂತೋನಿಯೊ ಮೊಸ್ಕೇನಿ. 1854ರಲ್ಲಿ ಉತ್ತರ ಇಟಲಿಯ ಬೆರ್ಗಮೊ ಪಟ್ಟಣದ ಪಕ್ಕದ ಸ್ತೆಜ್ಜಾನೊದಲ್ಲಿ ಹುಟ್ಟಿದ ಅವರು ಬೆರ್ಗಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತು, 1899ರಿಂದ 1901ರವರೆಗೆ ಮಂಗಳೂರಿನ ಈ ಗೋಡೆ, ಛಾವಣಿಗಳನ್ನು ತುಂಬಿಸಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಚಾಪೆಲಿಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊಂಜಾಗಾ ಹುಟ್ಟಿದ್ದೂ ಅದೇ ಸೀಮೆಯಲ್ಲಿ, 1568ರಲ್ಲಿ, ಕಾಸ್ತಿಲಿಯೋನೆ ದೆಲ್ಲೆ ಸ್ತಿವಿಯೆರೆ ಎಂಬ ಊರಿನಲ್ಲಿ. ಇವೆಲ್ಲವೂ ಇಂದಿನ ಲೊಂಬಾರ್ಡಿ ಪ್ರಾಂತ್ಯದೊಳಗಿವೆ. ಬೆರ್ಗಮೊದಲ್ಲಿ ಸ್ನೇಹಿತರ ಮನೆಯೂ ಇದ್ದುದರಿಂದ ನಾವು ಗಂಡ ಹೆಂಡತಿ ಆರಿಸಿಕೊಂಡದ್ದು ಈ ಒಂದು ಪ್ರಾಂತ್ಯವನ್ನು ಮಾತ್ರ.

ಎಂಟು ಹತ್ತು ದಿನದ ರಜೆಗೆ ರೋಮ್, ವೆನಿಸ್, ಪ್ಯಾರಿಸ್ ಎಂದು ಪಟ್ಟಿ ಉದ್ದ ಮಾಡಿದರೆ ಅರ್ಧ ದಿನಗಳು ರೈಲು ನಿಲ್ದಾಣಗಳಲ್ಲೇ ಕಳೆಯುತ್ತವೆ. ಸ್ನೇಹಿತರ ಮನೆ ಒಂದು ನೆಲೆ, ಅಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳುವಷ್ಟು ದೂರದ ಇಗರ್ಜಿಗಳು, ಆ ಸೀಮೆಯ ಊಟ. ಇಷ್ಟಿದ್ದರೆ ಕಾಗದಪತ್ರವೂ ಸುಲಭ, ಖರ್ಚೂ ಹಿಡಿತದಲ್ಲಿರುತ್ತದೆ. ನಾವು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಅಡಿಕೆ ತೋಟ ಇರುವವರಿಗೆ ಮೊದಲ ಪ್ರಶ್ನೆ ಯಾವಾಗ ಹೋಗುವುದು ಎಂಬುದು. ಮಳೆಗೆ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಅಡಿಕೆಯ ಕೊಳೆರೋಗ ಮಹಾಳಿಗೆ ಮದ್ದು ಬಿಡದೆ ಊರು ಬಿಡುವಂತಿಲ್ಲ. ಡಿಸೆಂಬರ್ ಬಂದರೆ ನೀರು ಹಾಯಿಸುವ ಕೆಲಸ, ಕೊಯ್ಲು ಎರಡೂ ಕೂಡಿ ಬರುತ್ತವೆ. ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿ. ಲೊಂಬಾರ್ಡಿಗೂ ಅದೇ ಒಳ್ಳೆಯ ಕಾಲ. ಆಗಸ್ಟ್ 15ರ ಆಚೀಚೆ ಅಲ್ಲಿನವರೆಲ್ಲ ರಜೆಗೆ ಹೋಗಿ ಊಟದ ಅಂಗಡಿಗಳು ಬಾಗಿಲು ಹಾಕಿರುತ್ತವೆ. ನವೆಂಬರಿನಿಂದ ಸಂಜೆ ಐದಕ್ಕೆಲ್ಲ ಕತ್ತಲು, ಹಳೆಯ ಇಗರ್ಜಿಗಳ ಒಳಗೆ ಗೋಡೆಚಿತ್ರ ಕಾಣುವುದೇ ಇಲ್ಲ. ಅಲೋಶಿಯಸರ ಹಬ್ಬ ಜೂನ್ 21ಕ್ಕೆ. ತೋಟದ ಜವಾಬ್ದಾರಿ ಇಲ್ಲದವರು ಆ ದಿನವನ್ನು ಆರಿಸಿಕೊಳ್ಳಬಹುದು.

ಸೆಪ್ಟೆಂಬರಿಗೆ ಹೊರಡುವುದಾದರೆ ಕಾಗದದ ಕೆಲಸ ಜೂನಿನಲ್ಲೇ ಶುರುವಾಗಬೇಕು. ಇಟಲಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಶೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನದ ಒಳಗೆ ಬಂದ ಮೇಲೆ ಹಾಕುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಂದರೆ 45 ದಿನದವರೆಗೂ ಹೋಗುತ್ತದೆ. ಇದಕ್ಕಿಂತ ಕಷ್ಟವಾದದ್ದು ಅರ್ಜಿ ಕೊಡಲು ಸಮಯ ಗೊತ್ತುಮಾಡಿಕೊಳ್ಳುವುದು. ಬೇಸಿಗೆಯಲ್ಲಿ ಖಾಲಿ ಸಮಯ ಸಿಗುವುದೇ ಇಲ್ಲ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಅರ್ಜಿ, ಆದರೆ ಸಮಯ ಒಂದೇ ದಿನ, ಒಟ್ಟಿಗೆ ಕಾದಿರಿಸಬೇಕು.

ಎಲ್ಲಿ ಕೊಡುವುದು ಎಂಬುದು ವಾಸದ ವಿಳಾಸಕ್ಕೆ ಸೇರಿದ್ದು. ಬದಿಯಡ್ಕ, ಕುಂಬಳೆ, ಪೆರ್ಲದವರಿಗೆ ಮಂಗಳೂರು ಕೂಗಳತೆಯಲ್ಲಿದ್ದರೂ ವಿಳಾಸ ಕೇರಳದ್ದು, ಆದ್ದರಿಂದ ಕೊಚ್ಚಿಯ ವೀಸಾ ಅರ್ಜಿ ಕೇಂದ್ರ. ಕೆಲಸದ ನಿಮಿತ್ತ ಮಂಗಳೂರಿನಲ್ಲೇ ವಾಸವಿದ್ದು ಅದಕ್ಕೆ ಬಾಡಿಗೆ ಕರಾರು ಮುಂತಾದ ದಾಖಲೆ ಇರುವವರು ಬೆಂಗಳೂರಿನ ದಾರಿ ಹಿಡಿಯಬಹುದು. ಕಾಸರಗೋಡಿನಲ್ಲಿ ಸಂಜೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯುವ ಮೊದಲೇ ಎರ್ನಾಕುಳಂ. ಮಾವೇಲಿ ನಿಲ್ಲುವುದು ಜಂಕ್ಷನ್ನಿನಲ್ಲಿ, ಮಲಬಾರ್ ನಿಲ್ಲುವುದು ಟೌನ್ ನಿಲ್ದಾಣದಲ್ಲಿ. ಎರಡೂ ಬೇರೆ ಬೇರೆ ಜಾಗ, ಕೊಠಡಿ ಕಾದಿರಿಸುವಾಗ ನೆನಪಿರಲಿ. ಬೆರಳಚ್ಚು ಮತ್ತು ಕಾಗದ ಪರಿಶೀಲನೆ ಎರಡು ಮೂರು ಗಂಟೆಯ ಕೆಲಸ. ಮಧ್ಯಾಹ್ನ ಹೊರಟರೆ ರಾತ್ರಿಗೆ ಮನೆ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಬೇಕು. ಫೋಟೋ 35×45 ಮಿಲಿಮೀಟರ್, ಬಿಳಿ ಹಿನ್ನೆಲೆ, ಆರು ತಿಂಗಳಿಗಿಂತ ಹಳೆಯದಾಗಬಾರದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಶೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು, ಚಿಕಿತ್ಸೆಯ ಜೊತೆಗೆ ಊರಿಗೆ ಮರಳಿ ಸಾಗಿಸುವ ವೆಚ್ಚವೂ ಅದರಲ್ಲಿ ಬರೆದಿರಬೇಕು. ವಿಮೆಯ ದಿನಾಂಕವನ್ನು ಟಿಕೆಟಿಗೆ ಸರಿಯಾಗಿ ಕತ್ತರಿಸಬೇಡಿ. ವಿಮಾನ ತಡವಾದರೆ ಕೊನೆಯ ದಿನಕ್ಕೆ ರಕ್ಷಣೆ ಇರುವುದಿಲ್ಲ, ಎರಡು ಮೂರು ದಿನ ಹೆಚ್ಚಿಗೆ ತೆಗೆದುಕೊಂಡರೆ ಬೀಳುವ ಹಣ ಅಲ್ಪ. ವೀಸಾ ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೂ ಈ ಹಣ ಮರಳಿ ಬರುವುದಿಲ್ಲ.

ತಿಂಗಳ ಸಂಬಳ ಇಲ್ಲದ ಕೃಷಿಕರು ಹೆಚ್ಚು ಗಮನ ಕೊಡಬೇಕಾದ್ದು ಆದಾಯದ ದಾಖಲೆಗೆ. ಕೃಷಿ ಆದಾಯಕ್ಕೆ ಕೇಂದ್ರ ಸರಕಾರದ ಆದಾಯ ತೆರಿಗೆ ಇಲ್ಲದಿದ್ದರೂ ರಿಟರ್ನಿನಲ್ಲಿ ಅದನ್ನು ತೋರಿಸಲು ಜಾಗವಿದೆ, ತೋರಿಸಿ ಸಲ್ಲಿಸಿದ ಪ್ರತಿಗೆ ಬೆಲೆ ಇದೆ. ಜೊತೆಗೆ ಭೂ ತೆರಿಗೆ ರಶೀದಿ, ವಿಲೇಜ್ ಆಫೀಸಿನ ಸ್ವಾಧೀನ ಪತ್ರ, ಕ್ಯಾಂಪ್ಕೊ ಅಥವಾ ಇತರ ಖರೀದಿದಾರರು ಕೊಟ್ಟ ಅಡಿಕೆ ಮಾರಾಟದ ಬಿಲ್ಲು. ಇವುಗಳಲ್ಲಿ ಮಾರಾಟದ ಬಿಲ್ಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಹಣ ಬರುವುದು ವರ್ಷಕ್ಕೆ ಎರಡು ಮೂರು ಸಲ, ದೊಡ್ಡ ಮೊತ್ತವಾಗಿ. ತಿಂಗಳ ಸಂಬಳದ ಲೆಕ್ಕ ನೋಡಿ ಅಭ್ಯಾಸವಿರುವ ಅಧಿಕಾರಿಗೆ ಬ್ಯಾಂಕ್ ಪಟ್ಟಿಯಲ್ಲಿ ಏಕಾಏಕಿ ಮೂರು ಲಕ್ಷ ಕಂಡರೆ ವೀಸಾಕ್ಕಾಗಿ ಕೈಗಡ ತಂದು ಹಾಕಿದ ಹಣ ಎಂಬ ಸಂಶಯ ಬರುತ್ತದೆ. ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ದಿನಾಂಕದ ಬಿಲ್ಲನ್ನು ಹಿಂದೆಯೇ ಲಗತ್ತಿಸಿದರೆ ಪ್ರಶ್ನೆಯೇ ಏಳುವುದಿಲ್ಲ. ಆರು ತಿಂಗಳ ಬ್ಯಾಂಕ್ ಪಟ್ಟಿಗೆ ಶಾಖೆಯ ಮೊಹರು ಇರಲಿ.

ವಿಲೇಜ್ ಆಫೀಸಿನ ಪತ್ರಗಳು ಮಲಯಾಳದಲ್ಲಿ ಬರುತ್ತವೆ. ಅವಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಬೇಕು. ಅನುವಾದದಲ್ಲಿ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರಬೇಕು. ನಮ್ಮ ಕಡೆ ಮನೆ ಹೆಸರು, ತಂದೆಯ ಹೆಸರು, ಇನಿಶಿಯಲ್ ಎಲ್ಲ ಕೂಡಿ ಒಬ್ಬರೇ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವುದು ಸಾಮಾನ್ಯ. ಅಂಥ ವ್ಯತ್ಯಾಸವಿದ್ದರೆ ಆ ಹೆಸರುಗಳೆಲ್ಲ ಒಬ್ಬರದ್ದೇ ಎಂಬ ಅಫಿಡವಿಟ್ಟನ್ನು ಮೊದಲೇ ಮಾಡಿಸಿಡಿ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವವರು ವಿಮಾನದ ಟಿಕೆಟಿನಲ್ಲಿ ಹೆಸರು ಹೇಗೆ ಬರೆಯಬೇಕೆಂದು ಕಂಪೆನಿಯನ್ನು ಕೇಳಿಯೇ ಹಣ ಕಟ್ಟಬೇಕು. ಹೆಂಡತಿಗೆ ಬೇರೆ ಆದಾಯ ಇಲ್ಲದಿದ್ದರೆ ಗಂಡನ ವೆಚ್ಚ ಭರಿಸುವ ಪತ್ರ ಮತ್ತು ಪಂಚಾಯತಿನಲ್ಲಿ ನೋಂದಾಯಿಸಿದ ಮದುವೆ ಪ್ರಮಾಣಪತ್ರ ಸಾಕು. ಮದುವೆ ನೋಂದಾವಣೆ ಆಗಿರದಿದ್ದರೆ ಮಾಡಿಸಿಕೊಳ್ಳಲು ಇದೊಂದು ಕಾರಣವಾಗಲಿ.

ಇನ್ನು ಸ್ನೇಹಿತರ ಕಡೆಯ ಕಾಗದ. ಇಟಲಿಗೆ ಆಹ್ವಾನ ಪತ್ರದ ನಮೂನೆ ಇದೆ. ಕರೆಯುವವರ ಹೆಸರು, ವಿಳಾಸ, ನಮ್ಮ ಪಾಸ್‌ಪೋರ್ಟ್ ಸಂಖ್ಯೆ, ಉಳಿಯುವ ದಿನಾಂಕಗಳು, ಖರ್ಚು ಯಾರದ್ದು ಎಂಬುದು ಅದರಲ್ಲಿ ಬರಬೇಕು, ಜೊತೆಗೆ ಅವರ ಗುರುತು ಚೀಟಿ ಅಥವಾ ವಾಸದ ಪರವಾನಗಿಯ ಪ್ರತಿ. ಖರ್ಚೂ ನಮ್ಮದೇ ಎಂದು ಸ್ನೇಹಿತರು ಪ್ರೀತಿಯಿಂದ ಬರೆದುಬಿಟ್ಟರೆ ಅವರು ಬ್ಯಾಂಕ್ ಖಾತರಿ ಕೊಡಬೇಕಾಗಿ ಬರುತ್ತದೆ. ವಾಸ ಮಾತ್ರ ಅವರದು, ಉಳಿದ ಖರ್ಚು ನಮ್ಮದು ಎಂದು ಬರೆಸುವುದೇ ಇಬ್ಬರಿಗೂ ಹಗುರ. 6ರಿಂದ 10 ದಿನದ ಪ್ರವಾಸಕ್ಕೆ ಇಬ್ಬರು ಒಟ್ಟಿಗೆ ಹೋಗುವಾಗ ತಲಾ ದಿನಕ್ಕೆ 26.33 ಯೂರೋ ತೋರಿಸಬೇಕೆಂಬುದು ಇಟಲಿಯ ಅಧಿಕೃತ ಕನಿಷ್ಠ ಮೊತ್ತ. ಅಷ್ಟರಲ್ಲಿ ನಿಜವಾದ ಖರ್ಚು ಮುಗಿಯುವುದಿಲ್ಲ, ಖಾತೆಯಲ್ಲಿ ಅದರ ಹಲವು ಪಟ್ಟು ಇರಲಿ.

ಎಲ್ಲದರ ಮೇಲೆ ಒಂದು ಪುಟದ ವಿವರಣೆ ಪತ್ರ. ದಿನದಿನದ ಯೋಜನೆ ಅದರಲ್ಲಿ ಸತ್ಯವಾಗಿ ಇರಲಿ. ಸ್ನೇಹಿತರ ಮನೆಯಲ್ಲಿ ಉಳಿಯುವವರು ತೋರಿಕೆಗೆ ಹೋಟೆಲ್ ಕಾದಿರಿಸಿ ಆ ಕಾಗದ ಸೇರಿಸಿದರೆ ಎರಡೂ ಒಂದಕ್ಕೊಂದು ತಾಳೆಯಾಗದೆ ಅರ್ಜಿ ಕೆಡುತ್ತದೆ. ತಿರಸ್ಕಾರದ ನಮೂನೆಯಲ್ಲಿ ಕಾರಣಗಳು ಮೊದಲೇ ಅಚ್ಚಾಗಿರುತ್ತವೆ, ಗುರುತು ಹಾಕಿ ಕೊಡುತ್ತಾರೆ. ಪ್ರವಾಸದ ಉದ್ದೇಶ ನಂಬುವಂತಿಲ್ಲ, ಮರಳಿ ಹೋಗುವ ಬಗ್ಗೆ ಸಂಶಯವಿದೆ ಎಂಬ ಎರಡು ಮಾತೇ ಅದರಲ್ಲಿ ಮುಖ್ಯ. ತೋಟ, ವಯಸ್ಸಾದ ತಂದೆತಾಯಿ, ಮಕ್ಕಳ ಶಾಲೆ ಇವೆಲ್ಲ ಮರಳಿ ಬರುವುದಕ್ಕೆ ಸಾಕ್ಷಿ, ದಾಖಲೆ ಇದ್ದರೆ ಸೇರಿಸಿ. ಎರಡು ದೇಶ ನೋಡುವವರು ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಟಿಕೆಟಿನ ವಿಷಯದಲ್ಲಿ ನಮ್ಮ ಕಡೆಯವರು ಬೀಳುವ ಹೊಂಡ ಒಂದೇ. ಮಂಗಳೂರಿನಿಂದ ಗಲ್ಫಿಗೆ ಅಗ್ಗದ ಟಿಕೆಟ್, ಅಲ್ಲಿಂದ ಮಿಲಾನಿಗೆ ಬೇರೆ ಕಂಪೆನಿಯ ಅಗ್ಗದ ಟಿಕೆಟ್ ಎಂದು ಎರಡನ್ನು ಜೋಡಿಸುತ್ತಾರೆ. ಬೇರೆ ಬೇರೆ ಟಿಕೆಟಾದರೆ ದುಬೈಯಲ್ಲಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು, ಅದಕ್ಕೆ ಆ ದೇಶದ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹಣವೂ ಹೋಯಿತು. ಮಂಗಳೂರಿನಿಂದ ದೆಹಲಿ ಅಥವಾ ಮುಂಬೈ ದಾರಿಯಾಗಿ, ಇಲ್ಲವೇ ಬೆಂಗಳೂರು, ಕೊಚ್ಚಿಯಿಂದ, ಕೊನೆಯವರೆಗೆ ಒಂದೇ ಟಿಕೆಟಿನ ಮೇಲೆ ಹೋಗುವುದು ಒಳ್ಳೆಯದು. ವೀಸಾ ಬರುವ ಮೊದಲು ರದ್ದು ಮಾಡಬಹುದಾದ ಟಿಕೆಟನ್ನೇ ತೆಗೆದುಕೊಳ್ಳಿ.

ಸ್ನೇಹಿತರಿಗೆ ಏನು ಒಯ್ಯುವುದು ಎಂಬುದಕ್ಕೂ ನಿಯಮವಿದೆ. ಮಾಂಸ, ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ಹೊರದೇಶದಿಂದ ಯೂರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಾಗಾಗಿ ಮನೆಯ ತುಪ್ಪ, ಪೇಡಾ ಇಲ್ಲ. ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಕರಿಬೇವಿನಸೊಪ್ಪು, ವೀಳ್ಯದೆಲೆ, ಹಲಸಿನ ತೊಳೆ ಕೂಡದು. ಈ ನಿಯಮದಿಂದ ಹೊರಗಿಟ್ಟಿರುವುದು ಐದೇ ಹಣ್ಣು: ಅನಾನಸು, ತೆಂಗು, ಬಾಳೆ, ಖರ್ಜೂರ, ಡುರಿಯನ್. ತೆಂಗಿನಕಾಯಿ ಒಯ್ಯಬಹುದಾದರೂ ಒಣ ಕೊಬ್ಬರಿಯನ್ನು ಎಣ್ಣೆಯಂಶದಿಂದ ಬೆಂಕಿಯ ಅಪಾಯವೆಂದು ವಿಮಾನದಲ್ಲಿ ತಡೆಯುತ್ತಾರೆ. ಹಲಸಿನ ಹಪ್ಪಳ, ಮಾಂಬಳ, ಬಾಳೆಕಾಯಿ ಚಿಪ್ಸ್, ಸಾಂಬಾರು ಪುಡಿ, ಮಿಡಿ ಉಪ್ಪಿನಕಾಯಿ ಇವಕ್ಕೆ ತೊಂದರೆಯಿಲ್ಲ. ಉಪ್ಪಿನಕಾಯಿ ಒಪ್ಪಿಸುವ ಪೆಟ್ಟಿಗೆಯಲ್ಲೇ ಹೋಗಬೇಕು, ಭರಣಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಎರಡು ಚೀಲದೊಳಗೆ ಇಡಿ. ಬಟ್ಟೆ ಕೊಡುವುದಾದರೆ ಭೌಗೋಳಿಕ ಗುರುತು ಪಡೆದ ಕಾಸರಗೋಡು ಕೈಮಗ್ಗದ ಸೀರೆ ಇದೆ. ಊರಿನ ಹೆಸರು ಹೊತ್ತ ಉಡುಗೊರೆ ಅದಕ್ಕಿಂತ ಬೇರೆ ಬೇಡ.

ಮಿಲಾನಿನ ಮಾಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳುವುದು ಮರಳುವ ಟಿಕೆಟ್, ಉಳಿಯುವ ವಿಳಾಸ, ಹಣ. ಆಹ್ವಾನ ಪತ್ರದ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ, ಫೋನಿನ ಬ್ಯಾಟರಿಯನ್ನು ನಂಬಬೇಡಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಮೊಹರಿನ ಬದಲು ಕಂಪ್ಯೂಟರಿನಲ್ಲೇ ಪ್ರವೇಶ ದಾಖಲಿಸುವ ಕ್ರಮ ಬಂದಿದೆ, ಅಲ್ಲಿ ಮುಖದ ಚಿತ್ರ ತೆಗೆಯುತ್ತಾರೆ. ಬೋರ್ಡಿಂಗ್ ಪಾಸ್ ಎಸೆಯದೆ ಇಟ್ಟುಕೊಳ್ಳಿ, ಬಂದ ದಿನಕ್ಕೆ ಅದು ಕಾಗದದ ಸಾಕ್ಷಿ.

ಮನೆ ಮುಟ್ಟಿದ ಮೇಲಿನ ಮೊದಲ ಕೆಲಸವನ್ನು ಸ್ನೇಹಿತರೇ ಮಾಡಬೇಕು. ಹೊರದೇಶದವರನ್ನು ಮನೆಯಲ್ಲಿ ಉಳಿಸಿಕೊಂಡವರು 48 ಗಂಟೆಯೊಳಗೆ ಅಲ್ಲಿನ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕೆಂಬುದು ಇಟಲಿಯ ಕಾನೂನು. ತಪ್ಪಿದರೆ 160ರಿಂದ 1,100 ಯೂರೋವರೆಗೆ ದಂಡ, ಅದು ಬೀಳುವುದು ಮನೆಯವರ ಮೇಲೆ. ನಮಗಾಗಿ ಅವರು ದಂಡ ತೆರುವಂತಾಗಬಾರದು, ಆದ್ದರಿಂದ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿಗಳನ್ನು ಊರಿನಿಂದಲೇ ಒಯ್ದು ಕೈಗೆ ಕೊಡಿ. ಶುಕ್ರವಾರ ರಾತ್ರಿ ಇಳಿಯುವ ಟಿಕೆಟ್ ತೆಗೆದರೆ ಕಚೇರಿ ಮುಚ್ಚಿರುವ ಎರಡು ದಿನ ಅಡ್ಡ ಬರುತ್ತದೆ. ಸೋಮವಾರದಿಂದ ಬುಧವಾರದೊಳಗೆ ತಲುಪುವಂತೆ ನೋಡಿಕೊಳ್ಳುವುದು ಉತ್ತಮ.

ಅಲ್ಲಿನ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವಾಟ್ ಮಾತ್ರ. ಇಂಡಕ್ಷನ್ ಒಲೆ, ಒವನ್, ಬಟ್ಟೆ ಒಗೆಯುವ ಯಂತ್ರ ಒಟ್ಟಿಗೆ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ದೋಸೆ ಎರೆಯುವ ಉತ್ಸಾಹದಲ್ಲಿ ಇದನ್ನು ಮರೆಯುವುದು ಸುಲಭ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಕೂರುವುದಿಲ್ಲ, ಎರಡು ಸಪೂರ ದುಂಡು ಕಡ್ಡಿಯ ಚಾರ್ಜರ್ ಒಯ್ಯಿರಿ. ಕಸವನ್ನು ಹಸಿ, ಕಾಗದ, ಪ್ಲಾಸ್ಟಿಕ್, ಗಾಜು ಎಂದು ಬೇರೆ ಮಾಡಿ ಆಯಾ ದಿನಕ್ಕೇ ಹೊರಗಿಡಬೇಕು. ಸ್ನೇಹಿತರು ದುಡಿಯುವವರು, ವಾರದ ದಿನಗಳಲ್ಲಿ ಅವರನ್ನು ಜೊತೆಗೆ ಎಳೆಯದೆ ನಾವಿಬ್ಬರೇ ತಿರುಗಿ, ಅವರ ಜೊತೆಯ ದಾರಿಯನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಎಲ್ಲರಿಗೂ ನೆಮ್ಮದಿ.

ತಿರುಗಾಟಕ್ಕೆ ಲೊಂಬಾರ್ಡಿಯ ಇಡೀ ಪ್ರಾಂತ್ಯದ ಪಾಸ್ ಸಿಗುತ್ತದೆ, ಒಂದು, ಎರಡು, ಮೂರು, ಏಳು ದಿನದ್ದು. ಪ್ರಾಂತೀಯ ರೈಲು, ಊರಿನ ಬಸ್ಸು, ಬೆರ್ಗಮೊದ ಬೆಟ್ಟ ಹತ್ತಿಸುವ ಹಗ್ಗದ ರೈಲು ಎಲ್ಲಕ್ಕೂ ಅದು ನಡೆಯುತ್ತದೆ. ವೇಗದ ರೈಲುಗಳಿಗೆ ನಡೆಯುವುದಿಲ್ಲ. ಬಿಡಿ ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರಕ್ಕೆ ತೂರಿಸಿ ಸಮಯ ಅಚ್ಚು ಹಾಕಿಸಬೇಕು. ಹಣ ಕೊಟ್ಟು ಕೊಂಡ ಟಿಕೆಟೇ ಆದರೂ ಅಚ್ಚಿಲ್ಲದಿದ್ದರೆ ದಂಡ ತಪ್ಪುವುದಿಲ್ಲ.

ಇನ್ನು ನಾವು ಹೋದ ಮುಖ್ಯ ಕಾರಣಕ್ಕೆ ಬರುತ್ತೇವೆ. ಇಟಲಿಯ ಸಣ್ಣ ಇಗರ್ಜಿಗಳು ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಿ ಮೂರರ ಮೇಲೆ ತೆರೆಯುತ್ತವೆ. ಹೊತ್ತು ತಿಳಿಯದೆ ಹೋದವರು ಹೊರಗಿನ ಮೆಟ್ಟಿಲಲ್ಲಿ ಕುಳಿತು ಕಾಯಬೇಕು. ಆದ್ದರಿಂದ ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡರವರೆಗೆ ಇಗರ್ಜಿ, ಆಮೇಲೆ ಊಟ, ಮೂರರಿಂದ ಮತ್ತೆ ಇಗರ್ಜಿ ಎಂದು ದಿನವನ್ನು ಮಡಚಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಪೂರ್ತಿ ಪೂಜೆಗೆ ಮೀಸಲು, ಚಿತ್ರ ನೋಡುತ್ತ ಅಡ್ಡಾಡುವಂತಿಲ್ಲ. ಹೆಗಲು, ಮೊಣಕಾಲು ಮುಚ್ಚಿರಬೇಕು, ಗಂಡಸರು ಟೋಪಿ ತೆಗೆಯಬೇಕು, ಚಪ್ಪಲಿ ತೆಗೆಯುವುದಿಲ್ಲ. ಪೂಜೆ ನಡೆಯುವಾಗ ಹೋದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರಿ. ಪರಮಪ್ರಸಾದಕ್ಕೆ ಸಾಲು ಎದ್ದಾಗ ಕಥೋಲಿಕರಲ್ಲದವರು ಎದ್ದು ಹೋಗಬಾರದು. ಇದು ಅವರಿಗೆ ಅತ್ಯಂತ ಪವಿತ್ರವಾದ ಘಳಿಗೆ.

ಚೀಲದಲ್ಲಿ ಎರಡು ವಸ್ತು ಇರಲೇಬೇಕು. ಒಂದು, ಐವತ್ತು ಸೆಂಟಿನ ಮತ್ತು ಒಂದು ಯೂರೋದ ನಾಣ್ಯಗಳು. ಹಳೆಯ ಬಲಿಪೀಠಗಳ ಪಕ್ಕ ಗೋಡೆಗೆ ಸಣ್ಣ ಪೆಟ್ಟಿಗೆ ಇರುತ್ತದೆ, ನಾಣ್ಯ ಹಾಕಿದರೆ ಒಂದೆರಡು ನಿಮಿಷ ದೀಪ ಹೊತ್ತುತ್ತದೆ, ಕತ್ತಲಲ್ಲಿ ಕಪ್ಪಾಗಿ ಕಂಡ ಗೋಡೆ ಬಣ್ಣಬಣ್ಣವಾಗುತ್ತದೆ. ಎರಡು, ಎಂಟು ಪಟ್ಟು ದೊಡ್ಡದು ಮಾಡುವ ಸಣ್ಣ ದುರ್ಬೀನು. ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ಫ್ರೆಸ್ಕೊದಲ್ಲಿ ಗಾರೆ ಒಣಗುವ ಮೊದಲು ಮುಗಿಸಬೇಕು, ಹಾಗಾಗಿ ಒಂದು ದಿನಕ್ಕೆ ಆಗುವಷ್ಟೇ ಗಾರೆ ಬಳಿಯುತ್ತಾರೆ. ಒಂದು ದಿನದ ಗಾರೆಗೂ ಮರುದಿನದ್ದಕ್ಕೂ ನಡುವಿನ ಕೂಡುಗೆರೆಯನ್ನು ಓರೆ ಬೆಳಕಿನಲ್ಲಿ ದುರ್ಬೀನು ಹಿಡಿದು ಗುರುತಿಸಬಹುದು. ಒಮ್ಮೆ ಆ ಗೆರೆ ಕಂಡಿತೆಂದರೆ ಚಿತ್ರಕಾರ ದಿನಕ್ಕೆ ಎಷ್ಟು ದುಡಿದ ಎಂಬುದು ಗೋಡೆಯ ಮೇಲೆಯೇ ತಿಳಿಯುತ್ತದೆ. ಅಲೋಶಿಯಸ್ ಚಾಪೆಲಿನ ಗೋಡೆಗಳೂ ಫ್ರೆಸ್ಕೊ, ಛಾವಣಿಯದ್ದು ಮಾತ್ರ ಬಟ್ಟೆಯ ಮೇಲಿನ ಎಣ್ಣೆಬಣ್ಣ. ಹೊರಡುವ ಮೊದಲು ಒಮ್ಮೆ ಮಂಗಳೂರಿಗೆ ಹೋಗಿ ಇದೇ ಕಣ್ಣಿನಿಂದ ನೋಡಿದರೆ ಅಲ್ಲಿ ನೋಡುವುದು ಎರಡು ಪಟ್ಟು ತಿಳಿಯುತ್ತದೆ.

ಬೆರ್ಗಮೊದ ಮೇಲಣ ಊರು ವೆನಿಸಿನವರು ಕಟ್ಟಿದ ಕೋಟೆಗೋಡೆಯೊಳಗಿದೆ. ಅಲ್ಲಿನ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕದ ಕೆಲಸ ಶುರುವಾದದ್ದು 1137ರಲ್ಲಿ. ಇದಕ್ಕೆ ಎದುರು ಬಾಗಿಲಿಲ್ಲ, ಬಿಷಪರ ಮನೆಗೆ ತಾಗಿಕೊಂಡಿರುವುದರಿಂದ ಪಕ್ಕದ ಬಾಗಿಲುಗಳಿಂದಲೇ ಹೋಗಬೇಕು. ಬಾಗಿಲಲ್ಲಿ ಸಿಂಹಗಳು ಕಂಬ ಹೊತ್ತಿವೆ. ಒಳಗೆ ಎಲ್ಲರೂ ಸಂಗೀತಗಾರ ದೊನಿಜೆತ್ತಿಯ ಸಮಾಧಿ ಹುಡುಕುತ್ತಾರೆ. ನಮ್ಮ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಡುವುದು ಗಾಯಕರ ಆಸನಗಳ ಮರದ ಕೆಲಸ. ಲೊರೆಂಜೊ ಲೊತ್ತೊ ಬರೆದ ನಕ್ಷೆಗಳನ್ನು ಕಾಪೊಫೆರ್ರಿ ಎಂಬ ಕುಶಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳಿಂದ ಕೂಡಿಸಿದ ಬೈಬಲ್ ದೃಶ್ಯಗಳು ಅವು. ಗೋಡೆಗೇ ತಾಗಿರುವ ಕೊಲ್ಲೆಯೋನಿ ಚಾಪೆಲ್ 1472ರಿಂದ 1476ರೊಳಗೆ ಆದದ್ದು, ಛಾವಣಿಯಲ್ಲಿ ತಿಯೆಪೊಲೊ ಬರೆದ ಫ್ರೆಸ್ಕೊಗಳಿವೆ, ಒಳಗೆ ಫೋಟೋ ಬಿಡುವುದಿಲ್ಲ. ರಾತ್ರಿ ಹತ್ತಕ್ಕೆ ಚೌಕದ ಗೋಪುರದ ಗಂಟೆ ನೂರು ಸಲ ಬಾರಿಸುತ್ತದೆ, ಹಿಂದೆ ಕೋಟೆಬಾಗಿಲು ಮುಚ್ಚುವ ಸೂಚನೆಯಾಗಿತ್ತು. ಮೊಸ್ಕೇನಿ ಕಲಿತ ಕರ್ರಾರಾ ಕೆಳಗಿನ ಊರಿನ ಅಂಚಿನಲ್ಲಿದೆ, ಚಿತ್ರಶಾಲೆಯನ್ನು ಅರ್ಧ ದಿನ ನೋಡಬಹುದು. ಅವರ ಹುಟ್ಟೂರು ಸ್ತೆಜ್ಜಾನೊ, ಬೆರ್ಗಮೊದಿಂದ ತ್ರೆವಿಲಿಯೊಗೆ ಹೋಗುವ ರೈಲಿನಲ್ಲಿ ಸಿಗುತ್ತದೆ. ಪ್ರವಾಸಿಗಳ ಊರಲ್ಲ ಅದು. ಇಗರ್ಜಿ, ಚೌಕ, ಮನೆಗಳು, ಅಷ್ಟೆ. ಮಂಗಳೂರಿನ ಚಿತ್ರಗಳನ್ನು ನೋಡಿ ಬೆಳೆದವರು ಹೋಗಿಯೇ ಬರಬೇಕು.

ಮಿಲಾನಿಗೆ ಸೋಮವಾರ ಹೋಗಬೇಡಿ, ಲಿಯೊನಾರ್ಡೊನ ‘ಕೊನೆಯ ಭೋಜನ’ ಎಂಬ ಗೋಡೆಚಿತ್ರವೂ ಸಾನ್ ಮೌರಿಜಿಯೊ ಇಗರ್ಜಿಯೂ ಆ ದಿನ ಮುಚ್ಚಿರುತ್ತವೆ. ಕೊನೆಯ ಭೋಜನಕ್ಕೆ ಟಿಕೆಟ್ ಹೆಸರಿನ ಮೇಲೆ, ಮೂರು ಮೂರು ತಿಂಗಳಿಗೊಮ್ಮೆ ಬಿಡುಗಡೆಯಾಗುತ್ತದೆ, ಬೇಗನೆ ಮುಗಿದೂ ಹೋಗುತ್ತದೆ. ಒಳಗೆ ಬಿಡುವುದು ಹದಿನೈದು ನಿಮಿಷ, ಪಾಸ್‌ಪೋರ್ಟ್ ಬೇಕು. ಲಿಯೊನಾರ್ಡೊ ಇದನ್ನು ಹಸಿ ಗಾರೆಯ ಮೇಲೆ ಬರೆಯದೆ ಒಣ ಗೋಡೆಯ ಮೇಲೆ ಬರೆದ, ಆದ್ದರಿಂದ ಅವನ ಕಾಲದಲ್ಲೇ ಬಣ್ಣ ಉದುರತೊಡಗಿತು. 1978ರಿಂದ 1999ರವರೆಗೆ ನಡೆದ ದುರಸ್ತಿಯ ನಂತರ ಉಳಿದದ್ದನ್ನು ನಾವು ನೋಡುವುದು. ನಡೆಯುವ ದಾರಿ ಹೀಗಿರಲಿ: 1386ರಲ್ಲಿ ಕಟ್ಟಲು ಶುರುವಾದ ಊರಿನ ಮುಖ್ಯ ಇಗರ್ಜಿ ದುವೊಮೊ, ಅಲ್ಲಿಂದ ಐದು ನಿಮಿಷಕ್ಕೆ ಸಾನ್ ಸಾತಿರೊ, ಮುಂದೆ ಸಾನ್ ಮೌರಿಜಿಯೊ, ಅದೇ ರಸ್ತೆಯ ತುದಿಗೆ ಕೊನೆಯ ಭೋಜನದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ. ಸಾನ್ ಸಾತಿರೊದಲ್ಲಿ ಬಾಗಿಲಿನಿಂದ ನೋಡಿದರೆ ಬಲಿಪೀಠದ ಹಿಂದೆ ಉದ್ದದ ಅಂಗಳವಿದ್ದಂತೆ ಕಾಣುತ್ತದೆ, ಹತ್ತಿರ ಹೋದರೆ ಒಂದು ಮೀಟರಿಗೂ ಕಡಿಮೆ ಆಳ. ಜಾಗವಿಲ್ಲದ ಕಡೆ ವಾಸ್ತುಶಿಲ್ಪಿ ಬ್ರಮಾಂತೆ ಹೂಡಿದ ಉಪಾಯ ಅದು. ಸಾನ್ ಮೌರಿಜಿಯೊದಲ್ಲಿ ಮುಂದಿನ ಭಾಗ ನೋಡಿ ಹೊರಡಬೇಡಿ. ಬಲಿಪೀಠದ ಗೋಡೆಯ ಹಿಂದೆ ಸನ್ಯಾಸಿನಿಯರ ಸಭಾಂಗಣವಿದೆ, ಪಕ್ಕದ ಸಣ್ಣ ಬಾಗಿಲಿನಿಂದ ಹೋಗಬೇಕು. ಲುಯಿನಿ ಮತ್ತು ಅವನ ಬಳಗ ನೆಲದಿಂದ ಛಾವಣಿಯವರೆಗೆ ಬರೆದ ಆ ಕೋಣೆಗಳಿಗೆ ದುಡ್ಡೂ ಇಲ್ಲ, ನೂಕುನುಗ್ಗಲೂ ಇಲ್ಲ.

ಕಾಸ್ತಿಲಿಯೋನೆಗೆ ಒಂದು ಪೂರ್ತಿ ದಿನ ಇಡಿ. ಬೆರ್ಗಮೊದಿಂದ ಬ್ರೆಷಿಯಾಕ್ಕೆ ರೈಲು, ಅಲ್ಲಿಂದ ಮಾಂತುವಾ ಕಡೆಗಿನ ಬಸ್ಸು. ಭಾನುವಾರ ಬಸ್ಸುಗಳು ಕಡಿಮೆ, ಮರಳುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿ. ಊರಿನ ಒಡೆಯನ ಹಿರಿಯ ಮಗನಾಗಿ ಹುಟ್ಟಿದ ಅಲೋಶಿಯಸ್ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟು 1585ರಲ್ಲಿ ಯೇಸುಸಭೆ ಸೇರಿ, 1591ರಲ್ಲಿ ರೋಮಿನಲ್ಲಿ ಪಿಡುಗಿನ ರೋಗಿಗಳ ಸೇವೆ ಮಾಡುತ್ತ ರೋಗ ಅಂಟಿ ತೀರಿಕೊಂಡರು, ಆಗ ವಯಸ್ಸು 23. ದೇಹ ರೋಮಿನಲ್ಲಿದೆ, ತಲೆಬುರುಡೆಯನ್ನು ಈ ಊರಿನ ಬಸಿಲಿಕದಲ್ಲಿ ಪೂಜ್ಯವಾಗಿ ಇಟ್ಟಿದ್ದಾರೆ. ಇದೇ ಊರಿನಲ್ಲಿ 1859ರ ಸೊಲ್ಫೆರಿನೊ ಯುದ್ಧದ ಗಾಯಾಳುಗಳನ್ನು ದೊಡ್ಡ ಇಗರ್ಜಿಯೊಳಗೆ ಮಲಗಿಸಿ, ಯಾವ ಪಕ್ಷದವರೆಂದು ನೋಡದೆ ಹೆಂಗಸರು ಉಪಚರಿಸಿದರು. ಅದನ್ನು ಕಂಡ ಹೆನ್ರಿ ಡ್ಯುನಾಂಟ್ ಮನಸ್ಸಿನಲ್ಲಿ ಮೂಡಿದ ಯೋಚನೆಯೇ ರೆಡ್ ಕ್ರಾಸ್, ಅದರ ವಸ್ತುಸಂಗ್ರಹಾಲಯವೂ ಇಲ್ಲಿದೆ. ಎರಡನ್ನೂ ಒಂದೇ ದಿನ ನೋಡಿದರೆ ಊರಿನ ಸ್ವಭಾವ ಅರ್ಥವಾಗುತ್ತದೆ.

ಊಟದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದ್ದು ಕಾಣದ ಮಾಂಸಕ್ಕೆ. ಮಿಲಾನಿನ ಕೇಸರಿ ರಿಸೊತ್ತೊ ನೋಡಲು ಬರೇ ಅನ್ನ, ಆದರೆ ಸಾಂಪ್ರದಾಯಿಕವಾಗಿ ಮಾಂಸದ ಸಾರು, ಮೂಳೆಯ ಮಜ್ಜೆ ಹಾಕುತ್ತಾರೆ. ಬೆರ್ಗಮೊದ ಕಸೊನ್ಸೆಲ್ಲಿ ಎಂಬ ಕಡುಬಿನೊಳಗೆ ಮಾಂಸವಿದೆ. ಅದರ ಬದಲು ಪಾರ್ರೆ ಊರಿನ ಸ್ಕಾರ್ಪಿನೊಚ್ ಕೇಳಿ: ಒಳಗೆ ಚೀಸ್ ಮತ್ತು ರೊಟ್ಟಿಪುಡಿ, ಮೇಲೆ ಬೆಣ್ಣೆ. ಜೋಳ ಮತ್ತು ಬಕ್‌ವೀಟ್ ಹಿಟ್ಟನ್ನು ಚೀಸಿನ ಜೊತೆ ಕಡೆದ ಪೊಲೆಂತಾ ತರಾಞಾ ನಮ್ಮ ಮುದ್ದೆಯಂತೆ ಹೊಟ್ಟೆ ತುಂಬಿಸುತ್ತದೆ. ಕಾಸ್ತಿಲಿಯೋನೆ ಇರುವುದು ಮಾಂತುವಾ ಜಿಲ್ಲೆಯಲ್ಲಿ, ಅಲ್ಲಿ ಸಿಹಿಗುಂಬಳ ತುಂಬಿದ ತೊರ್ತೆಲ್ಲಿ ಪ್ರಸಿದ್ಧ. ಚೀಸಿನಲ್ಲೂ ಒಂದು ಮಾತಿದೆ. ಪಾರ್ಮಿಜಾನೊ ಮತ್ತು ಗ್ರಾನಾ ಪದಾನೊ ಎರಡನ್ನೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡುವುದು. ಕಟ್ಟುನಿಟ್ಟಿನವರು ಸಸ್ಯಜನ್ಯ ಹೆಪ್ಪು ಎಂದು ಬರೆದದ್ದನ್ನೇ ಕೊಳ್ಳಬೇಕು, ಹೋಟೆಲಿನಲ್ಲಿ ಮೇಲಿಂದ ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ಕೆಲವು ರೊಟ್ಟಿಗಳಿಗೆ ಹಂದಿಯ ಕೊಬ್ಬು ಸೇರುತ್ತದೆ, ಪೊಟ್ಟಣದ ಮೇಲೆ ಸ್ತ್ರುತ್ತೊ ಎಂದಿದ್ದರೆ ಬಿಡಿ.

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯ ಮೇಲೆ. ಮಧ್ಯೆ ಅಡುಗೆಮನೆ ಮುಚ್ಚಿರುತ್ತದೆ. ಬಿಲ್ಲಿನಲ್ಲಿ ತಲಾ ಎರಡು ಮೂರು ಯೂರೋ ಮೇಜಿನ ಹಣ ಬರುತ್ತದೆ, ಅದು ಮೋಸವಲ್ಲ, ಅಲ್ಲಿನ ಪದ್ಧತಿ. ಕಾಫಿ ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಕುಳಿತರೆ ಹೆಚ್ಚು. ಸ್ನೇಹಿತರ ಮನೆಯಲ್ಲಿ ಒಂದೆರಡು ಹೊತ್ತು ನಾವು ಅಡುಗೆ ಮಾಡುವುದು ಒಳ್ಳೆಯ ಕ್ರಮ. ಅಲ್ಲಿನ ದುಂಡು ಅಕ್ಕಿ ಅನ್ನಕ್ಕೆ ಅಂಟಾಗುತ್ತದೆ, ಬೆಳ್ತಿಗೆ ಅಕ್ಕಿ ಎರಡು ಕಿಲೋ ಒಯ್ದರೆ ನೀರುದೋಸೆಗೂ ಆಯಿತು. ಇಂಡಕ್ಷನ್ ಒಲೆಯಲ್ಲಿ ಅಲ್ಯೂಮಿನಿಯಂ ಕಾವಲಿ ಬಿಸಿಯಾಗುವುದಿಲ್ಲ, ಕಬ್ಬಿಣದ್ದು ಬೇಕು. ತೆಂಗಿನ ತುರಿ ಏಷ್ಯಾದವರ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆ. ಊಟದ ನಂತರ ಐಸ್‌ಕ್ರೀಂ ತಿನ್ನುವುದಾದರೆ ಸ್ತ್ರಾಚ್ಚಾತೆಲ್ಲಾ ತಿನ್ನಿ, ಅದು 1961ರಲ್ಲಿ ಹುಟ್ಟಿದ್ದು ಬೆರ್ಗಮೊದಲ್ಲೇ.

ಮರಳಿ ಬಂದ ಮೇಲೆ ವೀಸಾ ಪುಟ, ಬೋರ್ಡಿಂಗ್ ಪಾಸ್, ಆಹ್ವಾನ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಕೊಟ್ಟ ಬೆರಳಚ್ಚು 59 ತಿಂಗಳು ಮತ್ತೆ ಬಳಕೆಗೆ ಬರುತ್ತದೆ. 2024ರ ಏಪ್ರಿಲ್ 18ರಂದು ಭಾರತೀಯರಿಗಾಗಿ ಅಂಗೀಕರಿಸಿದ ನಿಯಮದ ಪ್ರಕಾರ ಮೂರು ವರ್ಷದೊಳಗೆ ಎರಡು ಶೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರು ಎರಡು ವರ್ಷದ, ಹಲವು ಸಲ ಪ್ರವೇಶದ ವೀಸಾಕ್ಕೆ ಅರ್ಹರು, ಅದನ್ನೂ ಸರಿಯಾಗಿ ಬಳಸಿದವರಿಗೆ ಪಾಸ್‌ಪೋರ್ಟಿನ ಅವಧಿ ಉಳಿದಿದ್ದರೆ ಐದು ವರ್ಷದ್ದು. ಆಗಲೂ ಯಾವುದೇ 180 ದಿನದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಪಾಸ್‌ಪೋರ್ಟ್ ನವೀಕರಿಸಿದರೆ ಹಳೆಯದನ್ನು ಹೊಸದರ ಜೊತೆಗೇ ಕಟ್ಟಿಡಿ, ಮುಂದಿನ ಅರ್ಜಿಗೆ ಹಿಂದಿನ ವೀಸಾದ ಪ್ರತಿ ಅದರಿಂದಲೇ ತೆಗೆಯಬೇಕು.